ಪ್ರತಿ ವಾರ ಗುಂಡು ತಿನ್ನುವವನ ಹೆಸರೇನು?

ಹಳೇ ಅಮೆರಿಕನ್ ಟಿವಿಯ ಕೇಡಿಗಳ ಬಗ್ಗೆ ಹೋದ ತಿಂಗಳು ಸುಮ್ನೆ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತದೆ ಎಂದುಕೊಂಡಿರಲಿಲ್ಲ. ಆದ್ದರಿಂದ ಈ ಸಲ ಪೂರ್ತಿ ಕೌಬಾಯ್ ವಿಷಯವೇ. ಕಾಳುಮೆಣಸಿನ ಸೊರಗು ರೋಗ, ಪಿಂಚಣಿ, ಹಳೇ ಪಹಣಿಯ ಪ್ರಶ್ನೆ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಬೇಕು.

ಪ್ರಶ್ನೆ: ರಾಯರೇ, ನಮ್ಮ ಮಾವನವರು ಹಾರ್ಟ್ ಆಪರೇಶನ್ ಆದ ಮೇಲೆ ಮಧ್ಯಾಹ್ನವೆಲ್ಲ ಯೂಟ್ಯೂಬಿನಲ್ಲಿ ಹಳೇ ಕಪ್ಪು ಬಿಳುಪು ಕೌಬಾಯ್ ಸೀರಿಯಲ್ ಹಾಕಿಕೊಂಡು ಕೂರುತ್ತಾರೆ. ಇಂಗ್ಲಿಷ್ ಅಷ್ಟಕ್ಕಷ್ಟೇ, ಕುದುರೆ ಓಡಿದರೆ ಸಾಕು ಅವರಿಗೆ. ಯಾವ ಸೀರಿಯಲ್ ಹಾಕಿದರೂ ಒಬ್ಬ ಮೆಳ್ಳೆಗಣ್ಣಿನವ ಬರುತ್ತಾನೆ. ಕುರುಚಲು ಗಡ್ಡ, ಸೊಟ್ಟ ನಗು. ಕೊನೆಗೆ ಗುಂಡು ತಿಂದು ಸಾಯುತ್ತಾನೆ. ಮರುದಿನ ಇನ್ನೊಂದು ಸೀರಿಯಲ್‌ನಲ್ಲಿ ಮತ್ತೆ ಹಾಜರ್! ಮಾವನವರು "ಬಂದ ನೋಡು ನನ್ನ ದೋಸ್ತ" ಎನ್ನುತ್ತಾರೆ. ಯಾರಿವನು?
— ಓದುಗರು, ಕುಮಟಾ

ಉತ್ತರ: ನಿಮ್ಮ ಮಾವನವರ ದೋಸ್ತನ ಹೆಸರು ಜಾಕ್ ಈಲಮ್. ಗುರುತು ಓದಿದ ಕೂಡಲೇ ಗೊತ್ತಾಯಿತು. ಆ ಕಣ್ಣು ಇನ್ನೊಬ್ಬನಿಗಿಲ್ಲ.

ಅರಿಝೋನಾದಲ್ಲಿ ಮಯಾಮಿ ಎಂಬ ತಾಮ್ರದ ಗಣಿಯ ಊರಿದೆ. ಹುಟ್ಟಿದ್ದು ಅಲ್ಲಿ. (ಸಮುದ್ರ ದಂಡೆಯ ಮಯಾಮಿ ಬೇರೆ, ಅದು ದುಡ್ಡಿನವರ ಊರು.) ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಹುಡುಗ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ. ಒಮ್ಮೆ ಸ್ಕೌಟ್ ಹುಡುಗರು ಸೇರಿದ್ದಾಗ ಇನ್ನೊಬ್ಬ ಹುಡುಗನ ಪೆನ್ಸಿಲ್ ಎಡಗಣ್ಣಿಗೆ ಚುಚ್ಚಿತು. ಆ ಕಣ್ಣಿನ ದೃಷ್ಟಿ ಹೋಯಿತು. ಗುಡ್ಡೆ ಮಾತ್ರ ತನಗೆ ಬೇಕಾದ ಕಡೆ ತಿರುಗಿಕೊಂಡು ಉಳಿಯಿತು.

ಇದರ ಮುಂದಿನದು ನನಗೆ ತುಂಬ ಇಷ್ಟ. ಯಾಕೆಂದರೆ ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆದೇ ನಿವೃತ್ತನಾದವನು. ಈಲಮ್ ಕೂಡ ನಮ್ಮ ಪಂಗಡವೇ! ಹಾಲಿವುಡ್‌ನಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕಂಪನಿಯ ಲೆಕ್ಕ ತಪಾಸಣೆ ಮಾಡುತ್ತಿದ್ದ. ಲಾಸ್ ಏಂಜಲೀಸಿನ ಬೆಲ್ ಏರ್ ಹೋಟೆಲಿನಲ್ಲಿ ಮ್ಯಾನೇಜರ್ ಕೂಡ ಆಗಿದ್ದ. ಇರುವ ಒಂದೇ ಕಣ್ಣಿನಲ್ಲಿ ದಿನವಿಡೀ ಅಂಕಿ ನೋಡಿದರೆ ಏನಾಗುತ್ತದೆ? ಹೀಗೇ ಮುಂದುವರಿದರೆ ಅದೂ ಹೋಗುತ್ತದೆ ಎಂದರು ಡಾಕ್ಟರು. ಖಾತೆ ಪುಸ್ತಕ ಮುಚ್ಚಿಟ್ಟ. ಆದರೆ ಲೆಕ್ಕದವನ ಬುದ್ಧಿ ಎಲ್ಲಿ ಹೋಗುತ್ತದೆ? ವೆಸ್ಟರ್ನ್ ಸಿನಿಮಾ (ಕೌಬಾಯ್ ಕಥೆಗಳಿಗೆ ಅಲ್ಲಿಯ ಹೆಸರು) ಮಾಡಲು ಹೊರಟು ದುಡ್ಡು ಹುಟ್ಟದೆ ಒದ್ದಾಡುತ್ತಿದ್ದವರಿಗೆ ಸಾಲ ಹೊಂದಿಸಿಕೊಟ್ಟ. ಅದಕ್ಕೆ ಬದಲು ಪಾತ್ರ ಕೇಳಿದ, ಅದೂ ಕೇಡಿಗನ ಪಾತ್ರ. ಬೇರೆಯವರು ಸ್ಟುಡಿಯೋ ಬಾಗಿಲಲ್ಲಿ ಫೋಟೋ ಹಿಡಿದು ನಿಂತಿದ್ದಾಗ ಈತ ಲೆಕ್ಕದ ಕೋಣೆಯಿಂದ ಒಳಗೆ ಬಂದ. ಅವನ ಕಣ್ಣಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಈ ವ್ಯವಹಾರದ ಬುದ್ಧಿಯ ಬಗ್ಗೆ ಬರೆಯುವವರು ಕಡಿಮೆ. ನನ್ನ ಪ್ರಕಾರ ಅವನು ಅಷ್ಟು ವರ್ಷ ಬಾಳಿದ್ದು ಇದರಿಂದಲೇ.

1951ರ 'ರಾಹೈಡ್' ಸಿನಿಮಾದಲ್ಲಿ ಒಂದು ಪುಟ್ಟ ಮಗುವಿನ ಕಾಲ ಹತ್ತಿರ ಗುಂಡು ಹಾರಿಸುವ ನೀಚನಾದ. ಜನರಿಗೆ ಮುಖ ನೆನಪಿನಲ್ಲಿ ಉಳಿದದ್ದು ಅಲ್ಲಿಂದ. (ಇದೇ ಹೆಸರಿನ ಟಿವಿ ಸೀರಿಯಲ್ ಬಂದದ್ದು 1959ರಲ್ಲಿ. ಎರಡೂ ಬೇರೆ ಬೇರೆ, ಮಾವನವರಿಗೆ ಹೇಳಿ.) ಮರುವರ್ಷ 'ಹೈ ನೂನ್' ಬಂತು. ಅದರಲ್ಲಿ ಊರ ಜೈಲಿನಲ್ಲಿ ಬಿದ್ದಿರುವ ಕುಡುಕ ಈತನೇ. ಪರದೆಯ ಮೇಲೆ ಹೆಸರು ಕೂಡ ಹಾಕಲಿಲ್ಲ.

ಆಮೇಲೆ ಟಿವಿ ಬಂತು, ಸುಗ್ಗಿ ಶುರುವಾಯಿತು. 'ಗನ್‌ಸ್ಮೋಕ್', 'ಬೊನಾಂಝಾ', 'ದ ರೈಫಲ್‌ಮನ್', 'ಚೆಯೆನ್', ಹೀಗೆ ಎಲ್ಲ ಕಡೆ ಈತನಿಗೆ ಒಂದು ಕುದುರೆ, ಒಂದು ಪಿಸ್ತೂಲು, ಒಂದು ಸಾವು. 'ಗನ್‌ಸ್ಮೋಕ್' ಒಂದರಲ್ಲೇ ಹತ್ತಾರು ಸಲ ಬಂದ, ಬೇರೆ ಬೇರೆ ಹೆಸರಿನಲ್ಲಿ. ಅದೇ ಡಾಡ್ಜ್ ಸಿಟಿ ಎಂಬ ಊರು, ಅದೇ ಮಾರ್ಷಲ್, ಅಂದರೆ ಆ ಊರಿನ ಪೊಲೀಸ್ ಅಧಿಕಾರಿ. "ನಿನ್ನನ್ನು ಹೋದ ವರ್ಷವೇ ಕೊಂದಿದ್ದೆನಲ್ಲ" ಎಂದು ಮಾರ್ಷಲ್ ಒಮ್ಮೆಯೂ ಕೇಳಲಿಲ್ಲ. ನೋಡುವವರೂ ಕೇಳಲಿಲ್ಲ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ, ಅಲ್ವಾ? ಇವತ್ತು ಸಿದ್ದಾಪುರದ ಬಯಲಿನಲ್ಲಿ ಕೀಚಕನಾಗಿ ಸತ್ತವರು ನಾಳೆ ಹೊನ್ನಾವರದಲ್ಲಿ ಭಸ್ಮಾಸುರನಾಗಿ ಮತ್ತೆ ಸುಡಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಲು ಜನ ಗಂಟೆಗಟ್ಟಲೆ ಕಾಯುತ್ತಿದ್ದದ್ದು ಭೀಮ ಅವನನ್ನು ಕೊಲ್ಲಲಿ ಎಂದಲ್ಲವಲ್ಲ. ನಾನೂ ಹವ್ಯಾಸಿ ತಂಡದಲ್ಲಿ ದೂತ, ಚಾರಕ ಅಂತ ವೇಷ ಕಟ್ಟಿದ್ದೇನೆ. ಚೌಕಿಯಲ್ಲಿ ಎಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಹಿರಿಯರೊಬ್ಬರು ಹೇಳುತ್ತಿದ್ದರು: ಸಾಯುವುದು ತಡವಾಗಬಾರದು, ಬೇಗವೂ ಆಗಬಾರದು, ಭಾಗವತರು ಪದ ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಬಿದ್ದಿರಬೇಕು. ಈಲಮ್ ಬೀಳುವುದನ್ನು ಒಮ್ಮೆ ಗಮನಿಸಿ ನೋಡಿ. ಹೀರೋನ ಮುಖಕ್ಕೆ ಅಡ್ಡ ಬರುವುದಿಲ್ಲ. ಆದರೂ ನಮ್ಮ ಕಣ್ಣು ಅವನ ಮೇಲೇ ಇರುತ್ತದೆ.

ಒಳ್ಳೆಯವನ ಪಾತ್ರವೂ ಒಮ್ಮೆ ಬಂತು. 1963ರ 'ದ ಡಕೋಟಾಸ್' ಸೀರಿಯಲ್‌ನಲ್ಲಿ ಕಾಯಂ ಡೆಪ್ಯುಟಿ, ಅಂದರೆ ಮಾರ್ಷಲ್‌ನ ಸಹಾಯಕ. ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ಕಂತಿನಲ್ಲಿ ಚರ್ಚಿನೊಳಗೇ ಗುಂಡಿನ ಕಾಳಗ ತೋರಿಸಿದರು. ನೋಡಿದವರಿಗೆ ಸಿಟ್ಟು ಬಂತು, ಪತ್ರಗಳ ಮೇಲೆ ಪತ್ರ ಬಂತು, ಸೀರಿಯಲ್ ನಿಂತಿತು. ಅದೇ ವರ್ಷ 'ಟೆಂಪಲ್ ಹ್ಯೂಸ್ಟನ್' ಎಂಬ ಇನ್ನೊಂದರಲ್ಲಿ ಸಿಕ್ಕ ಕಾಯಂ ಪಾತ್ರವೂ ಒಂದು ಸೀಸನ್‌ಗೇ ಮುಗಿಯಿತು. ಮತ್ತೆ ಬಂದೂಕು ಹಿಡಿದು ಹಳೇ ಕೆಲಸಕ್ಕೆ.

1968ರಲ್ಲಿ ಇಟಲಿಯ ಸೆರ್ಜಿಯೋ ಲಿಯೋನೆ ಕರೆದರು. 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಸಿನಿಮಾದ ಆರಂಭ ನೋಡಿ. ಮೂವರು ಕೇಡಿಗಳು ರೈಲಿಗೆ ಕಾಯುತ್ತಿದ್ದಾರೆ. ಮಾತೇ ಇಲ್ಲ. ಈಲಮ್ ಮುಖದ ಮೇಲೆ ಒಂದು ನೊಣ ಓಡಾಡುತ್ತದೆ. ಅವನು ಊದುತ್ತಾನೆ, ತುಟಿ ಸೊಟ್ಟ ಮಾಡುತ್ತಾನೆ, ಕೊನೆಗೆ ಪಿಸ್ತೂಲಿನ ನಳಿಗೆಯಲ್ಲಿ ಅದನ್ನು ಹಿಡಿದು ಅದರ ಗುಂಯ್ ಸದ್ದು ಕೇಳುತ್ತಾ ನಗುತ್ತಾನೆ. ರೈಲು ಬರುತ್ತದೆ, ಮೂವರೂ ಸಾಯುತ್ತಾರೆ. ಮೂರು ತಾಸಿನ ಹತ್ತಿರದ ಸಿನಿಮಾದಲ್ಲಿ ಅವನ ಪಾಲು ಇಷ್ಟೇ. ಹೀರೋ ಯಾರು ಎಂದು ಮರೆತವರಿಗೂ ನೊಣ ನೆನಪಿರುತ್ತದೆ.

ಮರುವರ್ಷ ಜೇಮ್ಸ್ ಗಾರ್ನರ್ ಜೊತೆ 'ಸಪೋರ್ಟ್ ಯುವರ್ ಲೋಕಲ್ ಶೆರಿಫ್' ಎಂಬ ಹಾಸ್ಯದ ಸಿನಿಮಾ. ಹೆದರಿಸುತ್ತಿದ್ದ ಅದೇ ಕಣ್ಣು ಈಗ ನಗಿಸತೊಡಗಿತು. ವಯಸ್ಸಾಗುತ್ತಿದ್ದಂತೆ ದಾರಿ ಬದಲಿಸಿದ್ದು ಜಾಣತನ. ಅದೇ ಧಾಟಿಯಲ್ಲಿ 1971ರಲ್ಲಿ ಬಂದ ಇನ್ನೊಂದು ಸಿನಿಮಾದ ಕೊನೆಯಲ್ಲಿ ಈಲಮ್ ನೇರ ಪ್ರೇಕ್ಷಕರಿಗೆ ಹೇಳುತ್ತಾನೆ, ತಾನು ಮುಂದೆ ಇಟಾಲಿಯನ್ ವೆಸ್ಟರ್ನ್‌ಗಳ ದೊಡ್ಡ ಸ್ಟಾರ್ ಆಗುತ್ತೇನೆ ಎಂದು!

ಪೋಷಕ ನಟನ ಬಾಳಿನ ಬಗ್ಗೆ ಅವನು ಹೇಳುತ್ತಿದ್ದ ಒಂದು ತಮಾಷೆ ಹಾಲಿವುಡ್‌ನಲ್ಲಿ ಎಲ್ಲರಿಗೂ ಬಾಯಿಪಾಠ. ನಿರ್ಮಾಪಕರ ಬಾಯಲ್ಲಿ ಬರುವ ಐದು ಮಾತು. ಮೊದಲು: ಜಾಕ್ ಈಲಮ್ ಅಂದರೆ ಯಾರು? ಆಮೇಲೆ: ಜಾಕ್ ಈಲಮ್‌ನನ್ನೇ ಕರೆಸಿ. ಆಮೇಲೆ: ಜಾಕ್ ಈಲಮ್ ತರದವನು ಬೇಕು. ಆಮೇಲೆ: ಹರೆಯದ ಜಾಕ್ ಈಲಮ್ ಒಬ್ಬ ಬೇಕು. ಕೊನೆಗೆ: ಜಾಕ್ ಈಲಮ್ ಅಂದರೆ ಯಾರು? ಅವನ ವಿಷಯದಲ್ಲಿ ಐದನೆಯದು ನಿಜವಾಗಲಿಲ್ಲ. 1994ರಲ್ಲಿ ಒಕ್ಲಹೋಮಾ ಸಿಟಿಯ ಕೌಬಾಯ್ ಮ್ಯೂಸಿಯಂನಲ್ಲಿ ವೆಸ್ಟರ್ನ್ ನಟರ ಸಾಲಿಗೆ ಹೆಸರು ಸೇರಿಸಿದರು. 2003ರಲ್ಲಿ ಒರೆಗಾನ್‌ನಲ್ಲಿ ತೀರಿಕೊಂಡ. ಈಗ ಕುಮಟಾದಲ್ಲೂ ದೋಸ್ತರಿದ್ದಾರೆ.

ಪ್ರಶ್ನೆ: ನಮಸ್ಕಾರ ರಾಯರೇ. ನಾನು ನಾಟಕದ ಹುಚ್ಚಿನವನು. ಬೆಂಗಳೂರಿನ ಧಾರಾವಾಹಿಗಳಲ್ಲಿ ಪೊಲೀಸ್, ಡಾಕ್ಟರ್, ಬ್ರೋಕರ್ ಅಂತ ಒಂದೆರಡು ದಿನದ ಪಾತ್ರ ಸಿಗುತ್ತವೆ. ಮನೆಯಲ್ಲಿ "ಹೀರೋ ಆಗುವುದಿಲ್ಲ ಅಂದರೆ ವಾಪಸ್ ಬಾ, ತೋಟ ನೋಡಿಕೋ" ಎನ್ನುತ್ತಾರೆ. ಆ ಕಾಲದ ಅಮೆರಿಕದ ಸಣ್ಣ ನಟರಿಗೆ ಅದರಲ್ಲೇ ಹೊಟ್ಟೆ ತುಂಬುತ್ತಿತ್ತೇ?
— ಓದುಗರು, ಸಿದ್ದಾಪುರ

ಉತ್ತರ: ತಮ್ಮಾ, ತುಂಬಿದವರೂ ಇದ್ದರು. ಆದರೆ ಕಾಲ ಅವರ ಕಡೆಗಿತ್ತು. 1958-59ರ ಸೀಸನ್‌ನಲ್ಲಿ ಅಮೆರಿಕದ ಟಿವಿಯಲ್ಲಿ ಜನ ಅತಿ ಹೆಚ್ಚು ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್. ಮೊದಲ ನಾಲ್ಕು ಜಾಗವೂ ಅವುಗಳದ್ದೇ. ಒಂದು ಸೀಸನ್‌ಗೆ ಮೂವತ್ತೊಂಬತ್ತು ಕಂತಿನವರೆಗೆ ತೆಗೆಯುತ್ತಿದ್ದರು. 'ಗನ್‌ಸ್ಮೋಕ್' 1955ರಿಂದ 1975ರವರೆಗೆ ಇಪ್ಪತ್ತು ವರ್ಷ ಓಡಿತು, ಒಟ್ಟು 635 ಕಂತು. ಮಾರ್ಷಲ್ ಮಾತ್ರ ಒಬ್ಬನೇ, ಜೇಮ್ಸ್ ಆರ್ನೆಸ್. ಆದರೆ ಪ್ರತಿ ವಾರ ಹೊಸ ಕಳ್ಳ ಬೇಕು, ಹೊಸ ವಿಧವೆ ಬೇಕು, ಸಾಕ್ಷಿ ಬೇಕು, ಹೆಣ ಬೇಕು. ಅಷ್ಟು ಜನರನ್ನು ಎಲ್ಲಿಂದ ತರುತ್ತಾರೆ? ಕೈಗೆ ಸಿಕ್ಕವರು, ಹೇಳಿದ ಹೊತ್ತಿಗೆ ಬರುವವರು, ಮೊದಲ ಟೇಕ್‌ನಲ್ಲೇ ಮಾತು ಒಪ್ಪಿಸುವವರು ಮತ್ತೆ ಮತ್ತೆ ಬರುತ್ತಿದ್ದರು. ಟೆಕ್ಸಸ್‌ನ ಮಾರ್ಗನ್ ವುಡ್‌ವರ್ಡ್ ಎಂಬ ನಟ ಅತಿಥಿಯಾಗಿ 'ಗನ್‌ಸ್ಮೋಕ್'ನ ಹತ್ತೊಂಬತ್ತು ಕಂತುಗಳಲ್ಲಿ ಬಂದ. ಆತನಿಗೆ ಹೀರೋ ಆಗುವ ಎತ್ತರವೂ ಇತ್ತು, ಗಂಟಲೂ ಇತ್ತು. ಆದರೂ ಜನರಿಗೆ ಚೆನ್ನಾಗಿ ನೆನಪಿರುವ ಅವನ ಒಂದು ಪಾತ್ರದಲ್ಲಿ ಮಾತೇ ಇಲ್ಲ. 1967ರ 'ಕೂಲ್ ಹ್ಯಾಂಡ್ ಲ್ಯೂಕ್' ಸಿನಿಮಾದಲ್ಲಿ ಕನ್ನಡಿಯಂಥ ಕಪ್ಪು ಕನ್ನಡಕ ಹಾಕಿದ ಕಾವಲುಗಾರ. ಕಣ್ಣೂ ಕಾಣುವುದಿಲ್ಲ, ಬಾಯಿಯೂ ಬಿಡುವುದಿಲ್ಲ. ಮಾತು ಕೊಡಲಿಲ್ಲ ಎಂದು ಡೈರೆಕ್ಟರ್ ಮೇಲೆ ಬೇಜಾರಾಗುವ ನಮ್ಮ ಹುಡುಗರು ಇದನ್ನು ನೋಡಬೇಕು.

ಸಣ್ಣ ಪಾತ್ರ ದೊಡ್ಡದಾಗುವುದೂ ಉಂಟು. ಕೆನ್ ಕರ್ಟಿಸ್ ಎಂಬ ಗಾಯಕ ಇದ್ದ. ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಹಾಡಿದವನು, ಜೇನಿನಂಥ ಕಂಠ. 1962ರಲ್ಲಿ 'ಗನ್‌ಸ್ಮೋಕ್'ನ ಒಂದೇ ಒಂದು ಕಂತಿಗೆ ಫೆಸ್ಟಸ್ ಎಂಬ ಹಳ್ಳಿಗನಾಗಿ ಬಂದ. ಎರಡು ವರ್ಷದ ನಂತರ ಅದೇ ಪಾತ್ರಕ್ಕೆ ಕಾಯಂ ಕರೆದರು. ಸೀರಿಯಲ್ ಮುಗಿಯುವವರೆಗೂ ಇದ್ದ. ಕಂಠ ಅಡಗಿಸಿ ಗೊಗ್ಗರು ದನಿ ತೆಗೆದ. ಆ ದನಿ ಎಲ್ಲಿಂದ ತಂದ ಗೊತ್ತೇ? ಅವನ ಅಪ್ಪ ಕೊಲರಾಡೋದ ಒಂದು ಊರಲ್ಲಿ ಶೆರಿಫ್. ಜೈಲು ಮತ್ತು ಮನೆ ಒಂದೇ ಕಟ್ಟಡ. ಬೇಲಿಗೆ ಮರದ ಕಂಬ ಮಾರಲು ಪೇಟೆಗೆ ಬಂದು, ಕುಡಿದು, ಜೈಲು ಸೇರುತ್ತಿದ್ದ ಒಬ್ಬ ಮನುಷ್ಯನನ್ನು ಹುಡುಗ ನೋಡುತ್ತಿದ್ದ. ಅವನ ಮಾತಿನ ಧಾಟಿ ಎಷ್ಟೋ ವರ್ಷ ತಲೆಯಲ್ಲಿ ಇಟ್ಟುಕೊಂಡು ಬಂದ. ನಿಮ್ಮ ಸಂತೆಯಲ್ಲಿ ಬಾಳೆಗೊನೆ ಮಾರುವವರ ಮಾತು ಕಿವಿಯಲ್ಲಿ ಇಟ್ಟುಕೊಳ್ಳಿ. ಅದು ಯಾವ ನಟನಾ ಶಾಲೆಯಲ್ಲೂ ಸಿಗುವುದಿಲ್ಲ.

ಅವನಿಗಿಂತ ಮೊದಲು ಮಾರ್ಷಲ್‌ನ ಜೊತೆಗಾರನಾಗಿ ಇದ್ದವನು ಡೆನಿಸ್ ವೀವರ್. ಮಾರ್ಷಲ್ ಒಬ್ಬನೇ ಓಡಿ, ಹಾರಿ, ಹೊಡೆದಾಡಬೇಕು, ಜೊತೆಗಾರನಿಗೆ ಏನಾದರೂ ಊನ ಇರಲಿ ಎಂದರು ನಿರ್ಮಾಪಕರು. ವೀವರ್ ಒಂದು ಕಾಲು ಮಡಿಸದೆ ಕುಂಟುವುದನ್ನು ಆರಿಸಿಕೊಂಡ. 1964ರವರೆಗೂ ಕುಂಟಿದ! ಅಸಲಿಗೆ ಆತ ಓಟಗಾರ, 1948ರ ಒಲಿಂಪಿಕ್ಸ್‌ಗೆ ಅಮೆರಿಕದ ಡೆಕಾಥ್ಲಾನ್ ಆಯ್ಕೆಯಲ್ಲಿ ಭಾಗವಹಿಸಿದವನು. ಕುಂಟುತ್ತಾ ಕಾಫಿ ಕಾಯಿಸುವುದು, ಬೂಟು ಹಾಕುವುದು, ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಎಂದು ಮನೆಯಲ್ಲಿ ಮಾಡಿ ನೋಡಿ. 1959ರಲ್ಲಿ ಆ ಪಾತ್ರಕ್ಕೆ ಅಮೆರಿಕದ ಟಿವಿಯವರ ಎಮ್ಮಿ ಪ್ರಶಸ್ತಿ ಬಂತು.

ಇನ್ನು ದುಡ್ಡಿನ ಮಾತು. ಲೆಕ್ಕದವನಾದ ಮೇಲೆ ಇದನ್ನು ಬಿಡಲಾಗುವುದಿಲ್ಲ. ಅಲ್ಲಿ ನಟರ ಸಂಘ ಗಟ್ಟಿಯಾಗಿತ್ತು. ಟಿವಿ ಕಂತು ಮತ್ತೆ ತೋರಿಸಿದರೆ ನಟನಿಗೆ ಇಂತಿಷ್ಟು ಎಂಬ ಒಪ್ಪಂದ 1950ರ ದಶಕದಲ್ಲೇ ಆಗಿತ್ತು. 1960ರಲ್ಲಿ ಸಂಘ ಮುಷ್ಕರ ಹೂಡಿತು. ಆಗ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್, ಮುಂದೆ ದೇಶದ ಅಧ್ಯಕ್ಷರಾದವರೇ. ಅದರಿಂದ ಪಿಂಚಣಿ ಮತ್ತು ಆರೋಗ್ಯ ನಿಧಿ ಬಂತು. ಹೊಸ ಸಿನಿಮಾಗಳನ್ನು ಟಿವಿಗೆ ಮಾರಿದರೆ ನಟರಿಗೂ ಪಾಲು ಬಂತು. ಒಂದು ಕೊಕ್ಕೆ ಮಾತ್ರ ಉಳಿಯಿತು. ಟಿವಿ ಕಂತಿನ ಮರುಪ್ರಸಾರದ ದುಡ್ಡು ಮೊದಲ ಕೆಲವು ಸಲಕ್ಕೆ ಮಾತ್ರ. ಎಷ್ಟು ಸಲ ತೋರಿಸಿದರೂ ಪಾಲು ಕೊಡಬೇಕು ಎಂಬ ಒಪ್ಪಂದ ಬಂದದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ವೆಸ್ಟರ್ನ್‌ಗಳ ಕಾಲ ಮುಗಿದಿತ್ತು. ಹಾಗಾಗಿ ನಾವು ಇವತ್ತು ನೋಡುವ ಕಪ್ಪು ಬಿಳುಪು ಕಂತುಗಳಿಂದ ಆ ನಟರ ಮನೆಗೆ ಹೋದದ್ದು ಅಷ್ಟಕ್ಕಷ್ಟೇ.

ನಿಮಗೆ ನಾನು ಹೇಳುವುದು ಇಷ್ಟು. ಪಾತ್ರ ಒಪ್ಪುವ ಮೊದಲು ದಿನಕ್ಕೆ ಎಷ್ಟು, ಯಾವಾಗ ಕೊಡುತ್ತಾರೆ, ಬಸ್ಸಿನ ಖರ್ಚು ಯಾರದ್ದು ಎಂದು ಬರೆಸಿಕೊಳ್ಳಿ. "ಮೊದಲು ಮುಖ ತೋರಿಸು, ಆಮೇಲೆ ನೋಡೋಣ" ಎನ್ನುವವರ ಹತ್ತಿರ ಹುಷಾರು. ನನ್ನ ತಂಗಿಯ ಮಗನಿಗೆ ಒಂದು ಧಾರಾವಾಹಿಯವರು ಹಾಗೇ ಹೇಳಿ ಚಹಾ ಮಾತ್ರ ಕುಡಿಸಿ ಕಳಿಸಿದ್ದರು. ತೋಟ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಬಂದು ಕೈ ಹಾಕಿ, ಮನೆಯವರ ಬಾಯಿ ಅರ್ಧ ಮುಚ್ಚುತ್ತದೆ.

ಪ್ರಶ್ನೆ: ಆ ಸೀರಿಯಲ್‌ಗಳಲ್ಲೆಲ್ಲ ಒಂದೇ ಬಂಡೆ ಕಾಣುತ್ತದೆ ಎಂದು ನನ್ನ ಮಗಳ ತಕರಾರು. ಊರು ಬೇರೆ, ಬಂಡೆ ಅದೇ. ಹೌದೇ?
— ಓದುಗರು, ಕಾರವಾರ

ಉತ್ತರ: ಮಗಳ ಕಣ್ಣು ಚುರುಕು. ಕ್ಯಾನ್ಸಾಸ್ ಇರಲಿ, ಟೆಕ್ಸಸ್ ಇರಲಿ, ಶೂಟಿಂಗ್ ಜಾಸ್ತಿ ನಡೆಯುತ್ತಿದ್ದದ್ದು ಲಾಸ್ ಏಂಜಲೀಸಿನ ಸುತ್ತಮುತ್ತಲೇ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಕಲ್ಲ. ಒಂದು, ಚಾಟ್ಸ್‌ವರ್ತ್‌ನ ಐವರ್ಸನ್ ರಾಂಚ್. ಈಗ ಅದರ ನಡುವೆಯೇ ಹೆದ್ದಾರಿ ಹಾದುಹೋಗಿದೆ, ಮನೆಗಳೂ ಎದ್ದಿವೆ. ಇನ್ನೊಂದು, ಓರೆಯಾಗಿ ಆಕಾಶಕ್ಕೆ ಚಾಚಿದ ವಾಸ್ಕೆಝ್ ಬಂಡೆಗಳು. ಟಿಬುರ್ಸಿಯೋ ವಾಸ್ಕೆಝ್ ಎಂಬ ನಿಜವಾದ ದರೋಡೆಕೋರ 1870ರ ದಶಕದಲ್ಲಿ ಅಲ್ಲಿ ಅಡಗಿದ್ದ, ಅದಕ್ಕೇ ಆ ಹೆಸರು. ನಮ್ಮ ಯಾಣದ ಬಂಡೆ ಸಿನಿಮಾದಲ್ಲಿ ಒಮ್ಮೆ ಕಂಡದ್ದಕ್ಕೇ ಬಸ್ಸುಗಟ್ಟಲೆ ಜನ ಬರತೊಡಗಿದರು. ವಾರಕ್ಕೊಮ್ಮೆ ಕಾಣಿಸಿದ್ದರೆ ಏನಾಗುತ್ತಿತ್ತೋ.

ಪ್ರಶ್ನೆ: 'ಬೊನಾಂಝಾ'ದಲ್ಲಿ ಒಬ್ಬ ಚೀನಾದ ಅಡುಗೆಯವ ಇದ್ದಾನೆ. ಎಲ್ಲರೂ ಅವನನ್ನು ನಗೆಪಾಟಲು ಮಾಡುತ್ತಾರೆ. ನನಗೆ ಅವನೇ ಇಷ್ಟ. ಅವನ ಬಗ್ಗೆ ಹೇಳಿ ರಾಯರೇ.
— ಓದುಗರು, ಅಂಕೋಲಾ

ಉತ್ತರ: ತಂಗೀ, ನನಗೂ ಅವನೇ ಇಷ್ಟ. ಪಾತ್ರದ ಹೆಸರು ಹಾಪ್ ಸಿಂಗ್, ನಟ ವಿಕ್ಟರ್ ಸೆನ್ ಯಂಗ್. ಚೀನಾದವನಲ್ಲ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿ ಬೆಳೆದವನು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಂಥವನ ಬಾಯಲ್ಲಿ ವರ್ಷಗಟ್ಟಲೆ ಹರುಕು ಮುರುಕು ಇಂಗ್ಲಿಷ್ ಆಡಿಸಿದರು. 'ಬೊನಾಂಝಾ' 1959ರಲ್ಲಿ ಮೊದಲ ಕಂತಿನಿಂದಲೇ ಬಣ್ಣದಲ್ಲಿ ಬಂತು, ಬಣ್ಣದ ಟಿವಿ ಸೆಟ್ ಮಾರಾಟವಾಗಲಿ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ಹದಿನಾಲ್ಕು ಸೀಸನ್ ಓಡಿತು. ಯಜಮಾನ ಮತ್ತು ಮೂವರು ಮಕ್ಕಳ ಪಾತ್ರದವರು ಶ್ರೀಮಂತರಾದರು. ಅಡುಗೆಯವನ ಪಾತ್ರ ಬೇಕಾದಾಗ ಮಾತ್ರ.

1972ರಲ್ಲಿ ಈತ ಕುಳಿತಿದ್ದ ವಿಮಾನವನ್ನು ಇಬ್ಬರು ಅಪಹರಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೊಲೀಸರು ಒಳಗೆ ನುಗ್ಗಿದಾಗ ಗುಂಡು ಹಾರಿತು. ಈತನ ಬೆನ್ನಿಗೂ ಒಂದು ಬಿತ್ತು. ಸೀರಿಯಲ್‌ನಲ್ಲಿ ಬಾಣಲೆ ಹಿಡಿದು ನಿಂತಿದ್ದವನಿಗೆ ನಿಜವಾದ ಗುಂಡು! ಬದುಕಿಕೊಂಡ. 1974ರಲ್ಲಿ ಚೀನೀ ಅಡುಗೆಯ ಪುಸ್ತಕ ಬರೆದ, ಅಂದರೆ ಅಡುಗೆ ನಿಜಕ್ಕೂ ಬರುತ್ತಿತ್ತು. 1980ರಲ್ಲಿ ಮನೆಯಲ್ಲಿ ಗ್ಯಾಸ್ ಸೋರಿ ತೀರಿಕೊಂಡ. ಅಂತ್ಯಕ್ರಿಯೆಯಲ್ಲಿ ಅವನ ಬಗ್ಗೆ ಮಾತಾಡಿದ್ದು ಸೀರಿಯಲ್‌ನ ಹಿರಿಯ ಮಗನ ಪಾತ್ರ ಮಾಡಿದ್ದ ಪರ್ನೆಲ್ ರಾಬರ್ಟ್ಸ್.

ಪ್ರಶ್ನೆ: ಕನ್ನಡದಲ್ಲಿ ಇಂಥವರು ಇದ್ದರೇ? ಬೇಗ ಹೇಳಿ, ಮನೆಯಲ್ಲಿ ಬೆಟ್ ಕಟ್ಟಿದ್ದೇವೆ.
— ಓದುಗರು, ಶಿರಸಿ

ಉತ್ತರ: ಕೌಬಾಯ್ ಟೋಪಿ ಬೇಕೆಂದರೆ ದ್ವಾರಕೀಶ್, 1973ರ 'ಕೌಬಾಯ್ ಕುಳ್ಳ'. ಆದರೆ ನೀವು ಕೇಳುತ್ತಿರುವುದು ಈಲಮ್ ತರದವರನ್ನು. ಬೆಟ್‌ನಲ್ಲಿ ವಜ್ರಮುನಿ ಎಂದು ಹೇಳಿದವರು ಇರುತ್ತಾರೆ, ಅವರು ತಪ್ಪಲ್ಲ. ನಾನಾದರೆ ಟಿ. ಎನ್. ಬಾಲಕೃಷ್ಣ ಎನ್ನುತ್ತೇನೆ. ಅರಸೀಕೆರೆ ಕಡೆಯವರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಕೊಂಡು ಸರಿಯಾದ ಹೊತ್ತಿಗೆ ತಮ್ಮ ಮಾತು ಎತ್ತುತ್ತಿದ್ದರು. ಐನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು. ಮೈ ಉರಿಸುವ ಕುತಂತ್ರಿಯೂ ಅವರೇ, ಹೊಟ್ಟೆ ಹುಣ್ಣಾಗಿಸುವವರೂ ಅವರೇ. ಕೆಲವು ಸಲ ಒಂದೇ ಸಿನಿಮಾದಲ್ಲಿ ಎರಡೂ. ದುಡಿದದ್ದನ್ನು ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟುವುದಕ್ಕೆ ಸುರಿದರು. ಈಗ ಅವರ ಯಾವುದಾದರೂ ಸಿನಿಮಾ ಹಾಕಿ, ಮಾತು ಶುರುವಾಗುವ ಕ್ಷಣಕ್ಕೆ ಮೊದಲು ಅವರ ದೃಷ್ಟಿ ಎಲ್ಲಿರುತ್ತದೆ ನೋಡಿ. ಬೆಟ್ ದುಡ್ಡು ಯಾರಿಗೆ ಎಂದು ಮನೆಯವರೇ ತೀರ್ಮಾನಿಸಿ, ಆ ಜಗಳಕ್ಕೆ ನಾನಿಲ್ಲ.